ಶಿವಮೊಗ್ಗದಲ್ಲಿ ಕೈಗೆಟುಕುವ ಬಾಡಿಗೆ ಮನೆ ಹುಡುಕುವವರಿಗೆ

ವರ್ಗಾವಣೆಯಾಗಿ ಶಿವಮೊಗ್ಗಕ್ಕೆ ಬರುವವರು ದುರ್ಗಿಗುಡಿ, ಜಯನಗರದಂತಹ ಪೇಟೆಯ ನಡುವಿನ ಬಡಾವಣೆಗಳಲ್ಲೇ ಮನೆ ಬೇಕೆಂದು ಪಟ್ಟು ಹಿಡಿಯದೆ, ಗೋಪಾಳ ಮತ್ತು ಸವಳಂಗ ರಸ್ತೆಯ ಕಡೆಯ ಬಡಾವಣೆಗಳನ್ನೂ ಒಮ್ಮೆ ಸುತ್ತಿ ನೋಡುವುದು ಒಳ್ಳೆಯದು. ಗೇಟಿಗೆ ತೂಗುಹಾಕಿದ ಫಲಕ ನೋಡಿ ಮಾಲೀಕರೊಡನೆ ನೇರವಾಗಿ ಮಾತನಾಡಿದರೆ ದಲ್ಲಾಳಿಯ ಕಮಿಷನ್ ಉಳಿಯುತ್ತದೆ.

ಸಾಧ್ಯವಾದರೆ ಮಳೆಗಾಲದಲ್ಲೇ ಮನೆ ನೋಡಿ. ಬೇಸಿಗೆಯಲ್ಲಿ ಹೊಸದಾಗಿ ಬಣ್ಣ ಬಳಿದ ಗೋಡೆಯನ್ನು ನಂಬಿ ನಿರ್ಧರಿಸುವಂತಿಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಗೋಡೆ ಬೀರುವಿನ ಒಳಮೈಯನ್ನೂ ಕಿಟಕಿಯ ಕೆಳಗಿನ ಗೋಡೆಯನ್ನೂ ಅಂಗೈಯಿಂದ ಮುಟ್ಟಿದರೆ ತೇವ, ಬೂಷ್ಟು ಎರಡೂ ಕೂಡಲೇ ತಿಳಿಯುತ್ತವೆ. ತುಂಗೆಯ ದಂಡೆಯ ತಗ್ಗಿನಲ್ಲಿ ಬಾಡಿಗೆ ಕಡಿಮೆಯೆಂದು ಯಾರಾದರೂ ಹೇಳಿದರೆ, ಹೊಳೆ ತುಂಬಿದ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದವರನ್ನು ವಿಚಾರಿಸದೆ ದಯವಿಟ್ಟು ಮುಂಗಡ ಕೊಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತದೆ; ಮನೆ ಖಾಲಿ ಮಾಡುವಾಗ ಬಣ್ಣದ ಖರ್ಚಿಗೆಂದು ಮುಂಗಡದಲ್ಲಿ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅದರಲ್ಲೇ ಬರೆಸಿಕೊಳ್ಳಿ. ಮೆಸ್ಕಾಂ ಮೀಟರ್ ಪ್ರತ್ಯೇಕವಾಗಿದೆಯೇ ಎಂದೂ ನೋಡಿ, ಏಕೆಂದರೆ ವಿದ್ಯುತ್ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ ಮತ್ತು ಕರಾರುಪತ್ರ ಕೈಯಲ್ಲಿದ್ದರೆ ಬಾಡಿಗೆದಾರರೂ ಗೃಹಜ್ಯೋತಿ ಯೋಜನೆಗೆ ನೋಂದಾಯಿಸಿಕೊಳ್ಳಬಹುದು.