ಜಾಮ್ ಹಿಂದಕ್ಕೆ ಬರುತ್ತದೆ: ಫ್ರೀವೇ ವೇಗ ಮುಂಚಿತವಾಗಿ ಹೇಳುವ ಕೆಲಸದಲ್ಲಿ ನನ್ನ ಅನುಭವ

ಸಿಗ್ನಲ್ ಇಲ್ಲದ ಹೆದ್ದಾರಿಯಾದ ಫ್ರೀವೇಯಲ್ಲಿ ಇನ್ನು ಹದಿನೈದು ನಿಮಿಷಕ್ಕೆ ವೇಗ ಎಷ್ಟಿರುತ್ತದೆಂದು ಹೇಳುವ ಕೆಲಸ ನನ್ನ ಕೈಗೆ ಬಂದಾಗ, ರಸ್ತೆಯನ್ನು ತುಂಡು ತುಂಡಾಗಿ ವಿಂಗಡಿಸಿ, ಕನೆಕ್ಟೆಡ್ ವಾಹನಗಳು (ತಾವಿರುವ ಜಾಗ, ವೇಗವನ್ನು ತಾವೇ ಕಳಿಸುತ್ತಿರುವಂಥವು) ಕಳಿಸುವ ವೇಗಕ್ಕೆ ಐದು ನಿಮಿಷಕ್ಕೊಂದು ಸರಾಸರಿ ತೆಗೆದು, ಹಳೆಯ ಡೇಟಾದಿಂದ ಕಲಿತು ಮುಂದಿನದನ್ನು ಊಹಿಸುವ ಮಾಡೆಲ್ ಆದ ನ್ಯೂರಲ್ ನೆಟ್‌ವರ್ಕ್‌ಗೆ ಕೊಟ್ಟೆ. ದೋಷದ ಅಂಕಿ ಕಡಿಮೆಯೇ ಬಂತು. ಆದರೆ ಒಂದೊಂದೇ ಜಾಮ್ ಬಿಡಿಸಿ ನೋಡಿದರೆ, ವೇಗ ಕುಸಿದಾದ ಮೇಲೆ ಕುಸಿತ ಹೇಳುತ್ತಿತ್ತು! ದಿನದ ಬಹುಪಾಲು ರಸ್ತೆ ಸಲೀಸಾಗಿ ಓಡುವುದರಿಂದ, ಈಗಿನ ವೇಗವನ್ನೇ ಮುಂದಕ್ಕೂ ಹೇಳಿಬಿಟ್ಟರೂ ಒಟ್ಟು ದೋಷ ಕಡಿಮೆಯೇ ಕಾಣುತ್ತದೆ. ಅಂದಿನಿಂದ ಜಾಮ್ ಹುಟ್ಟುವ, ಕರಗುವ ಹೊತ್ತನ್ನು ಬೇರೆಯಾಗಿಯೇ ಅಳೆಯುತ್ತೇನೆ.

ಮಾಡೆಲ್ ಪಕ್ಕಕ್ಕಿಟ್ಟು ಒಂದು ಬೆಳಗ್ಗೆ ಡೇಟಾ ಕಳಿಸಿದ ಅಷ್ಟೂ ವಾಹನಗಳ ಹಾದಿಯನ್ನು ಒಂದೇ ಚಿತ್ರದಲ್ಲಿ ಎಳೆದೆ. ಅಡ್ಡಕ್ಕೆ ಸಮಯ, ಮೇಲಕ್ಕೆ ದೂರ, ವಾಹನಕ್ಕೊಂದು ಗೆರೆ, ನಿಧಾನವಾದ ಕಡೆ ಕೆಂಪು. ಗೆರೆಗಳೆಲ್ಲ ಮೇಲೇರುತ್ತಿದ್ದವು, ಕೆಂಪು ಪಟ್ಟಿಗಳು ಓರೆಯಾಗಿ ಕೆಳಗಿಳಿಯುತ್ತಿದ್ದವು. ವಾಹನ ಮುಂದಕ್ಕೆ ಹೋದರೆ ಜಾಮ್ ಹಿಂದಕ್ಕೆ ಬರುತ್ತದೆ, ಗಂಟೆಗೆ ಸುಮಾರು 15ರಿಂದ 20 ಕಿ.ಮೀ. ವೇಗದಲ್ಲಿ. ಲೈಟ್‌ಹಿಲ್ ಮತ್ತು ವಿಥಮ್ ಎಂಬ ಗಣಿತಜ್ಞರು 1955ರಲ್ಲೇ ಇಂಥ ಅಲೆಗಳ ಗಣಿತ ಬರೆದಿದ್ದರು. ಓದಿದ್ದೆ, ಆದರೆ ಅಂದೇ ಅದು ಮನಸ್ಸಿಗಿಳಿದದ್ದು. ನಾಲ್ಕು ಕಿ.ಮೀ. ಮುಂದಿರುವ ಜಾಮ್‌ನ ಅಲೆ ಇಲ್ಲಿಗೆ ತಲುಪಲು 12ರಿಂದ 16 ನಿಮಿಷ. ನನಗೆ ಬೇಕಿದ್ದ ಹದಿನೈದು ನಿಮಿಷ ಅಲ್ಲೇ ಕೂತಿತ್ತು! ಐದು ನಿಮಿಷದ ಸರಾಸರಿ ಆ ಓರೆ ಪಟ್ಟಿಗಳನ್ನು ಕಲಸಿಬಿಡುತ್ತಿತ್ತು. ಅವಧಿಯನ್ನು ಒಂದು ನಿಮಿಷಕ್ಕಿಳಿಸಿ, ಮುಂದಿನ ತುಂಡುಗಳ ವೇಗವನ್ನು ಅಲೆಯ ಓರೆಗೆ ತಕ್ಕಂತೆ ಜರುಗಿಸಿ ಕೊಟ್ಟ ಮೇಲೆ ಸಾಧಾರಣ ರಿಗ್ರೆಶನ್ (ಸರಳ ಸಮೀಕರಣದಿಂದ ಅಂದಾಜಿಸುವ ವಿಧಾನ) ಕೂಡ ಜಾಮ್ ಬರುವ ಮೊದಲೇ ಹೇಳತೊಡಗಿತು.

ಸರಾಸರಿಯ ವಿಷಯದಲ್ಲಿ ಇನ್ನೊಂದು ಎಡವಟ್ಟು. ಎಕ್ಸಿಟ್ ಹತ್ತಿರ ಒಂದು ವಾಹನ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುತ್ತದೆ, ಎಕ್ಸಿಟ್ ಲೇನಿನ ಸಾಲಿನಲ್ಲಿರುವುದು 20ರಲ್ಲಿ. ಕೂಡಿಸಿ ಭಾಗಿಸಿದರೆ 60. ಆದರೆ ಒಂದು ಕಿ.ಮೀ. ದಾಟಲು ಮೊದಲನೆಯದಕ್ಕೆ 36 ಸೆಕೆಂಡು, ಎರಡನೆಯದಕ್ಕೆ 180. ಸರಾಸರಿ 108 ಸೆಕೆಂಡು, ಅಂದರೆ ಗಂಟೆಗೆ ಸುಮಾರು 33 ಕಿ.ಮೀ. ಪ್ರಯಾಣದ ಸಮಯ ಬೇಕಿದ್ದರೆ ಎರಡನೆಯ ಲೆಕ್ಕವೇ ಸರಿ. ಅದೂ ಅಲ್ಲಿನ ಯಾರೊಬ್ಬರ ವೇಗವೂ ಅಲ್ಲ. ಜಿಪಿಎಸ್ ಕೆಲವು ಮೀಟರ್ ತಪ್ಪುವುದರಿಂದ ಲೇನ್ ಗುರುತು ಸಿಗದು. ಹಾಗಾಗಿ ವೇಗಗಳು ಎರಡು ಗುಂಪಾಗಿ ಒಡೆದ ಕಡೆ ಎರಡನ್ನೂ ಬೇರೆಬೇರೆ ಇಟ್ಟುಕೊಂಡೆ.

ವಾಹನಗಳಲ್ಲಿ ಕೆಲವೇ ಡೇಟಾ ಕಳಿಸಿದರೆ ಸಾಕೇ? ವೇಗ ತಿಳಿಯಲು ಸಾಕು. 2008ರ ಫೆಬ್ರವರಿಯಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಲಿಫೋರ್ನಿಯಾದ ಐ-880 ಫ್ರೀವೇಯಲ್ಲಿ ಜಿಪಿಎಸ್ ಫೋನ್ ಇಟ್ಟ ನೂರು ಕಾರು ಓಡಿಸಿ, ಶೇ. 2–3ರಷ್ಟು ವಾಹನಗಳಿದ್ದರೆ ವೇಗ ಚೆನ್ನಾಗಿ ಸಿಗುತ್ತದೆಂದು ತೋರಿಸಿದ್ದಾರೆ. ಆದರೆ ರಸ್ತೆಯಲ್ಲಿ ಒಟ್ಟು ಎಷ್ಟು ವಾಹನಗಳಿವೆ ಎಂಬುದು ಅದರಿಂದ ತಿಳಿಯುವುದಿಲ್ಲ. ರಸ್ತೆ ತುಂಬುತ್ತ ಬಂದರೂ ಕೊನೆಯವರೆಗೆ ವೇಗ ಹೆಚ್ಚೇನೂ ಇಳಿಯದು, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಹುಟ್ಟಿದ ಜಾಮ್ ಎಲ್ಲಿಗೆ ಬರುತ್ತದೆಂದು ವಾಹನಗಳ ಡೇಟಾ ಹೇಳಿತು. ಹೊಸ ಜಾಮ್ ಹುಟ್ಟುವ ಸೂಚನೆಗೆ ಮಾತ್ರ, ವಾಹನಗಳು ಫ್ರೀವೇಗೆ ಸೇರುವ ರ‍್ಯಾಂಪ್ ಬಳಿ ರಸ್ತೆಯೊಳಗೆ ಹುಗಿದ, ಮೇಲೆ ಹಾದುಹೋಗುವ ವಾಹನಗಳನ್ನೆಲ್ಲ ಎಣಿಸುವ ಲೂಪ್ ಡಿಟೆಕ್ಟರ್‌ಗಳ ಎಣಿಕೆಯನ್ನು ನಿಮಿಷ ನಿಮಿಷಕ್ಕೂ ಜೋಡಿಸಬೇಕಾಯಿತು.