ಕರೆ ಮೊದಲು, ಬ್ಯಾಂಕಿನ ಒಪ್ಪಿಗೆ ಆಮೇಲೆ: ಕಾರ್ಡ್ ಫೋನುಗಳೊಂದಿಗೆ ನನ್ನ ಅನುಭವ

ನಾವು ನಡೆಸುತ್ತಿದ್ದ ಸಾರ್ವಜನಿಕ ಫೋನುಗಳಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದವರ ಕರೆಯನ್ನು ಮೊದಲು ಜೋಡಿಸಿ, ಬ್ಯಾಂಕಿನ ಒಪ್ಪಿಗೆಯನ್ನು ಆಮೇಲೆ ಪಡೆಯೋಣ ಎಂದು ನಾನು ಹೇಳಿದಾಗ, ಕದ್ದ ಕಾರ್ಡುಗಳಿಗೆ ಬಾಗಿಲು ತೆರೆದಿಟ್ಟಂತಾಗುತ್ತದೆ ಎಂದು ಜೊತೆಗಾರರೆಲ್ಲ ಎಚ್ಚರಿಸಿದ್ದರು. ಆದರೆ ಫೋನಿಗಿರುವುದು ಒಂದೇ ಲೈನು. ಫೋನ್ ಲೈನಿನಲ್ಲಿ ಮಾಹಿತಿ ಕಳಿಸುವ, ಸೆಕೆಂಡಿಗೆ 1200 ಬಿಟ್ ವೇಗದ ಮೋಡೆಮ್ ಅದೇ ಲೈನಿನಲ್ಲಿ ಬ್ಯಾಂಕಿನ ಒಪ್ಪಿಗೆ ಕೇಂದ್ರಕ್ಕೆ ಡಯಲ್ ಮಾಡಿ, ಉತ್ತರ ಪಡೆದು, ಲೈನು ಬಿಟ್ಟು, ಬಳಿಕ ಗ್ರಾಹಕರು ಬೇಡಿದ ಸಂಖ್ಯೆಗೆ ಡಯಲ್ ಮಾಡುವಷ್ಟರಲ್ಲಿ ಸುಮಾರು 25 ಸೆಕೆಂಡು ಕಳೆಯುತ್ತಿತ್ತು. ಐವರಲ್ಲಿ ಒಬ್ಬರಾದರೂ ರಿಸೀವರ್ ಇಟ್ಟು ಹೊರಟುಬಿಡುತ್ತಿದ್ದರು. ಅವರ ಕರೆಯ ಆದಾಯವೂ ಇಲ್ಲ, ಒಪ್ಪಿಗೆ ಕೇಳಿದ ಖರ್ಚು ಮಾತ್ರ ನಮ್ಮದು.

ಮೊದಲ ಪ್ರಯತ್ನ ಕೈಕೊಟ್ಟಿತು. ಅಂಕಿಗಳು ಸರಿಯಾಗಿವೆಯೇ ಎಂದು ಲೆಕ್ಕ ಹಾಕಿ ನೋಡುವ ಲೂನ್ ಸೂತ್ರಕ್ಕೆ ಕಾರ್ಡಿನ ಸಂಖ್ಯೆ ತಾಳೆಯಾಗಿ, ಅವಧಿ ಮುಗಿದಿರದಿದ್ದರೆ ಸಾಕೆಂದು ಕರೆಗೆ ಅವಕಾಶ ಕೊಟ್ಟೆ. ಆ ತಿಂಗಳ ಗಳಿಕೆಯಲ್ಲಿ ನೂರಕ್ಕೆ ಎಂಟರಷ್ಟು ಮೊತ್ತವನ್ನು ಬ್ಯಾಂಕು ತಿರಸ್ಕರಿಸಿತು. ಆ ಸೂತ್ರ ತಪ್ಪಾಗಿ ಓದಿದ ಅಂಕಿಯನ್ನು ಹಿಡಿಯುತ್ತದೆಯೇ ಹೊರತು ರದ್ದಾದ ಕಾರ್ಡನ್ನಲ್ಲ. ಹೀಗಾಗಿ ಪ್ರತಿ ರಾತ್ರಿ, ಕರೆಗಳು ವಿರಳವಾದ ಹೊತ್ತಿನಲ್ಲಿ, ರದ್ದಾದ ಕಾರ್ಡುಗಳ ಪಟ್ಟಿಯನ್ನು ಫೋನಿನ ಮೆಮೊರಿಗೆ ಇಳಿಸಿ, ಅಂದಿನ ಕರೆಗಳ ಲೆಕ್ಕವನ್ನು ಅದೇ ಸಂಪರ್ಕದಲ್ಲಿ ಕೇಂದ್ರಕ್ಕೆ ಕಳಿಸತೊಡಗಿದೆ. ವಿದೇಶದ ಕರೆಗಳಿಗೆ ಮಾತ್ರ ಮುಂಚಿತ ಒಪ್ಪಿಗೆಯನ್ನು ಉಳಿಸಿಕೊಂಡೆ. ಒಂದೇ ಕಾರ್ಡು ಮತ್ತೆ ಮತ್ತೆ ಬಂದಾಗ ಎಷ್ಟನೆಯ ಕರೆಗೆ ತಡೆಯಬೇಕೆಂಬ ಲೆಕ್ಕವನ್ನು ನಾನು ಬಹಳ ದಿನ ತಿದ್ದಿ ತಿದ್ದಿ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬಿಟ್ಟುಕೊಡಲಾರೆ. ನಷ್ಟ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು, ಕರೆಗಳು ಹೆಚ್ಚುಕಡಿಮೆ ಕಾಲುಭಾಗ ಏರಿದವು.

ಇದರ ನಡುವೆ ಕಾರ್ಡ್ ಓದುವ ಹೆಡ್ಡಿನ ಮೇಲೂ ಒಂದು ಪ್ರಯೋಗ ಮಾಡಿದೆ. ಕಾರ್ಡಿನ ಕಾಂತಪಟ್ಟಿಯ ಎರಡನೆಯ ಟ್ರ್ಯಾಕಿನಲ್ಲಿ, ಅಂದರೆ ಎರಡನೆಯ ಸಾಲಿನಲ್ಲಿ, ಇರುವುದು ಹೆಚ್ಚೆಂದರೆ 40 ಅಕ್ಷರ. ಆದರೂ ಓದು ತಪ್ಪುತ್ತಿತ್ತು. ಕಾರ್ಡನ್ನು ತೂರಿಸುವಾಗ ಕೈ ತಡವರಿಸುತ್ತದೆ, ತುದಿ ಮುಟ್ಟಿದಾಗ ತಟ್ಟನೆ ನಿಲ್ಲುತ್ತದೆ. ಹೊರಗೆಳೆಯುವಾಗ ಒಂದೇ ಓಟದಲ್ಲಿ ಬರುತ್ತದೆ. ಎಳೆಯುವಾಗ ಓದುವಂತೆ ಬದಲಿಸಿದ ಮೇಲೆ ತಪ್ಪುಗಳು ಅರ್ಧದಷ್ಟಾದವು.

ಹಣಕ್ಕೆ ಸಂಬಂಧಿಸಿದ ಇನ್ನೊಂದು ತೊಡಕು, ಶುಲ್ಕ ಯಾವ ಕ್ಷಣದಿಂದ ಆರಂಭವಾಗಬೇಕೆಂಬುದು. ಡಯಲ್ ಮಾಡಿ ಇಷ್ಟು ಸೆಕೆಂಡಾದ ಮೇಲೆ ಎಂದು ಟೈಮರ್ ಇಟ್ಟಿದ್ದಾಗ, ಯಾರೂ ಎತ್ತದ ಕರೆಗೂ ಶುಲ್ಕ ಬಿದ್ದು, ಹಣ ಹಿಂದಿರುಗಿಸುವುದೇ ಒಂದು ಕೆಲಸವಾಗಿತ್ತು. ಒಂದು ದಿನ ಲೈನಿಗೆ ಮೀಟರ್ ಹಚ್ಚಿ ಕುಳಿತೆ: ಆ ಕಡೆಯವರು ಹಲೋ ಎನ್ನುವ ಮುನ್ನವೇ ಮುಳ್ಳು ಬಲದಿಂದ ಎಡಕ್ಕೆ ಹೊರಳಿತು. ಆ ಕಡೆ ಫೋನು ಎತ್ತಿದೊಡನೆ ಎಕ್ಸ್‌ಚೇಂಜ್ ಲೈನಿನ ಪೊಲ್ಯಾರಿಟಿಯನ್ನು, ಅಂದರೆ ಧನ-ಋಣ ತುದಿಗಳನ್ನು, ತಿರುಗಿಸಿದ್ದ ಆ ಕ್ಷಣವನ್ನೇ ಲೆಕ್ಕದ ಆರಂಭವಾಗಿಸಿದೆ. ಪೊಲ್ಯಾರಿಟಿ ತಿರುಗಿಸದ ಎಕ್ಸ್‌ಚೇಂಜುಗಳ ಕೆಲವು ಫೋನುಗಳನ್ನು ಮಾತ್ರ ಹಳೆಯ ಟೈಮರಿನಲ್ಲೇ ಬಿಡಬೇಕಾಯಿತು.