ಬೋರ್ಡೋದ ದ್ರಾಕ್ಷಿತೋಟಕ್ಕೆ ನಡೆದೇ ಹೋದೆವು: ನನ್ನ ಅನುಭವ

ಕಳೆದ ಸೆಪ್ಟೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಫ್ರಾನ್ಸಿನ ಬೋರ್ಡೋ ಸೀಮೆಯ ಸೇಂಟ್ ಜೂಲಿಯನ್ ಊರಿನ ದ್ರಾಕ್ಷಿತೋಟಗಳನ್ನು ನೋಡಿ ಬಂದೆವು. ಮೊದಲ ದಿನದ ಟೂರ್ ಬಿಟ್ಟರೆ ಗೈಡ್ ಇಲ್ಲ, ಟ್ಯಾಕ್ಸಿ ಇಲ್ಲ. "ಪ್ಯಾಕೇಜ್ ಇಲ್ಲದೆ ಅಲ್ಲಿ ಏನೂ ಆಗಲ್ಲ ಮಾರಾಯ್ರೇ" ಅಂತ ಪುಣೆಯ ನಮ್ಮ ಕನ್ನಡ ಬಳಗದವರೆಲ್ಲ ಹೇಳಿದ್ದರು. ಆಯಿತು, ನೋಡಿ. ವೀಸಾ, ವಿಮಾನದ ಕಥೆ ನಿಮಗೆ ಗೊತ್ತೇ ಇದೆ, ಬಿಡಿ.

ಮೊದಲ ದಿನ ದುಡ್ಡು ಹೋಯಿತು. ಅರ್ಧ ದಿನದ ಟೂರ್‌ಗೆ ಇಬ್ಬರಿಗೆ 180 ಯೂರೋ ಹತ್ತಿರ ಕೊಟ್ಟೆ. ತೋಟದಲ್ಲಿ ಹತ್ತು ನಿಮಿಷ, ವೈನ್ ಅಂಗಡಿಯಲ್ಲಿ ಒಂದೂವರೆ ಗಂಟೆ. ನಾವಿಬ್ಬರೂ ಕುಡಿಯುವವರಲ್ಲ. ಮರುದಿನ ನಾವೇ ಒಂದು ದೊಡ್ಡ ತೋಟಕ್ಕೆ ಹೋದರೆ, ಮೊದಲೇ ತಿಳಿಸಿರಲಿಲ್ಲ ಅಂತ ಒಳಗೆ ಬಿಡಲಿಲ್ಲ.

ಆ ರಾತ್ರಿ ಹೊಳೆಯಿತು. ನನಗೆ ಬೇಕಾದದ್ದು ಗೇಟಿನ ಒಳಗೆ ಇಲ್ಲವೇ ಇಲ್ಲ!

ನಮ್ಮ ಶಿರಸಿ ಕಡೆಯವರಿಗೆ ಬೋರ್ಡೋ ಅಂದರೆ ವೈನ್ ಅಲ್ಲ, ಅಡಿಕೆ ಕೊಳೆಗೆ ಹೊಡೆಯುವ ಮದ್ದು. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಆ ನೀಲಿ ನೀರು ಹುಟ್ಟಿದ್ದು ಇಲ್ಲೇ. ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಸಾಲುಗಳಿಗೆ ಬಳಿಯುತ್ತಿದ್ದರಂತೆ. 1882ರಲ್ಲಿ ಡೌನಿ ಎಂಬ ಬೂಷ್ಟು ರೋಗಕ್ಕೆ ತೋಟವೆಲ್ಲ ಎಲೆ ಉದುರಿಸಿದಾಗ ಆ ಸಾಲುಗಳು ಮಾತ್ರ ಹಸಿರಾಗಿದ್ದವು. ಮಿಲಾರ್ಡೆ ಎಂಬ ಪ್ರೊಫೆಸರು ಅದನ್ನು ಗಮನಿಸಿ, 1885ರಲ್ಲಿ ಮದ್ದಿನ ವಿವರ ಪ್ರಕಟಿಸಿದರು. 1910ರ ಹೊತ್ತಿಗೆ ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ಮೈಸೂರು ಸೀಮೆಯ ಅಡಿಕೆಗೂ ಇದೇ ಮದ್ದು ಅಂತ ತೋರಿಸಿದರು. ನೋಡಬೇಕಾದದ್ದು ರಸ್ತೆ ಬದಿ. ರಸ್ತೆಗೆ ಟಿಕೆಟ್ ಇಲ್ಲ, ಅಲ್ವಾ?

ಮೂರನೆಯ ದಿನ ಬೋರ್ಡೋದಿಂದ ಪೊಯಾಕ್‌ಗೆ ಲೋಕಲ್ ರೈಲು ಹಿಡಿದೆವು. ತಲೆಗೆ ಹತ್ತು-ಹನ್ನೆರಡು ಯೂರೋ ಇರಬೇಕು. ಅಲ್ಲಿಂದ ದಕ್ಷಿಣಕ್ಕೆ, ಸೇಂಟ್ ಜೂಲಿಯನ್ ಕಡೆ, ಐದಾರು ಕಿಲೋಮೀಟರ್ ನಡಿಗೆ. ದೊಡ್ಡ ರಸ್ತೆಯಲ್ಲಿ ಕಾರು ಜಾಸ್ತಿ. ಸಾಲುಗಳ ನಡುವೆ ಒಂದು ಒಳದಾರಿ ಸಿಕ್ಕಿತು. ಅದನ್ನು ಇಲ್ಲಿ ಬರೆಯಲ್ಲ. ಹೋಗುವವರು ಮನೆಗೆ ಬನ್ನಿ, ನಕ್ಷೆ ತೋರಿಸ್ತೇನೆ. ಬುತ್ತಿ ಚಪಾತಿ, ಚಟ್ನಿಪುಡಿ. ಇಬ್ಬರ ಇಡೀ ದಿನದ ಖರ್ಚು ಐವತ್ತೈದು ಯೂರೋ ದಾಟಲಿಲ್ಲ.

ಡುಕ್ರು ಬೊಕಾಯು ತೋಟದ ಪಕ್ಕ ನಿಂತೆವು. ಬೊಕಾಯು ಅಂದರೆ ಚೆಂದದ ಕಲ್ಲು. ನೆಲದ ತುಂಬ ಉರುಟು ಬೆಣಚುಕಲ್ಲು. ಪುಣೆ ಹತ್ತಿರದ ನಾರಾಯಣಗಾವ್‌ನ ದ್ರಾಕ್ಷಿ ಚಪ್ಪರ ನೋಡಿದ ಕಣ್ಣಿಗೆ ಬಳ್ಳಿ ತೀರಾ ಗಿಡ್ಡ, ಸೊಂಟದೆತ್ತರ ಅಷ್ಟೆ. ಒಂದು ಕಲ್ಲು ಕೈಗೆತ್ತಿಕೊಂಡೆ, ಬಿಸಿಲಿಗೆ ಬೆಚ್ಚಗಿತ್ತು. ಮಳೆಗಾಲದಲ್ಲಿ ಅಪ್ಪನ ಉಗುರಿನ ಸಂದಿಯಿಂದ ಹೋಗದೇ ಇರುತ್ತಿದ್ದ ನೀಲಿ ಬಣ್ಣ ನೆನಪಾಯಿತು. ಕಲ್ಲನ್ನು ಅಲ್ಲೇ ಇಟ್ಟು ಬಂದೆ.

ವಾಪಸ್ ಬಂದವನೇ ಪುಣೆಯ ಕೊತ್ರೂಡ್‌ನ ತಾರಸಿಯ ಡ್ರಮ್ಮಿನ ದ್ರಾಕ್ಷಿಗೂ ಇದೇ ಮದ್ದು ಹೊಡೆದೆ. ಹತ್ತು ಲೀಟರ್ ನೀರಿಗೆ ಮೈಲುತುತ್ತ ನೂರು ಗ್ರಾಂ, ಸುಣ್ಣ ನೂರು ಗ್ರಾಂ. ಹಿಂದಿನ ವರ್ಷ ಹಳೇ ಸುಣ್ಣ ಹಾಕಿ ಎಲೆ ಸುಟ್ಟಿದ್ದೆ. ಈ ಸಲ ಉಜ್ಜಿದ ಕಬ್ಬಿಣದ ಚೂರಿ ಅದ್ದಿ ನೋಡಿದೆ. ಕೆಂಪು ಹತ್ತಿದರೆ ಸುಣ್ಣ ಸಾಲದು. ಎಲೆಗೆ ಅಂಟಲು ಇನ್ನೊಂದು ಸೇರಿಸುತ್ತೇನೆ, ಅದು ನಮ್ಮ ಮನೆಯ ಗುಟ್ಟು. ಹದಿನೈದು-ಹದಿನಾರು ಗೊಂಚಲು ಬಂತು. ಕಾಯಿ ಕಟ್ಟಿದ ಮೇಲೆ ಮಾತ್ರ ಹೊಡೆಯಬೇಡಿ, ಹಣ್ಣಿನ ಮೇಲೆ ಕಲೆ ಉಳಿಯುತ್ತದೆ.